ಬೋಗಿ ಮೇಲಿನ ನಂಬರು, ಟ್ರಂಕಿನೊಳಗಿನ ನಂಬರು

ಹೋದ ಸಲ ಹುರುಳಿಕಾಳಿನ ಬಸ್ಸಾರು ಬರೆದಿದ್ದೆ, ಅದರ ಹಿಂದಿನ ಸಲ ಮಳೆಗಾಲದಲ್ಲಿ ರಾಗಿ ಕಾಪಾಡ್ಕೊಳೋದು. ಈ ಸಲ ಒಲೆ ಮುಂದಿನಿಂದ ಎದ್ದು ಬಂದು ರೈಲಿನ ವಿಚಾರ ಬರೀತಿನಿ, ಬ್ಯಾಸರ ಮಾಡ್ಕಬ್ಯಾಡಿ. ರೈಲು ಅಂದ್ರ ಗಂಡಸರ ಮಾತು ಅಂತ ನಮ್ಮಲ್ಲಿ ಒಂದು ಭಾವನೆ ಅದ. ಬದನಗುಪ್ಪೆ ಸ್ಟೇಷನ್ನಲ್ಲಿ ಬೆಳಿಗ್ಗೆ ಹೂವಿನ ಗಂಟು, ಸೊಪ್ಪಿನ ಮಂಕರಿ ಹೊತ್ಕಂಡು ನಿಂತಿರೋರು ಯಾರು ಅಂತ ಒಂದು ದಿನ ಎಣಿಸಿ ನೋಡಿ. ನಂಜನಗೂಡ್ಗ ಹರಕೆ ತೀರ್ಸಕ್ಕ ಹೋಗೋರು ಯಾರು, ಮೈಸೂರಿನ ದೊಡ್ಡಾಸ್ಪತ್ರೆಗ ಮಕ್ಕಳ್ನ ಕರ್ಕೊಂಡು ಹೋಗೋರು ಯಾರು? ನಾವೇ ತಾನೆ. ಅಷ್ಟು ವರ್ಷದಿಂದ ಹತ್ತಿ ಇಳೀತಿರೋ ಬೋಗಿ ಮೈಮೇಲೆ ದಪ್ಪಕ್ಷರದಲ್ಲಿ ಒಂದು ನಂಬರು ಬರೆದಿರ್ತದ. ಅದು ಏನು ಹೇಳ್ತದ ಅಂತ ನಮ್ಗ ಯಾರೂ ಹೇಳ್ಕೊಟ್ಟಿಲ್ಲ.

ಓದೋದು ಬಲು ಸುಲಭ. ಬೋಗಿಯ ಪಕ್ಕದಲ್ಲಿ, ಕಿಟಕಿಗಳ ಸಾಲಿನ ಆಸುಪಾಸಲ್ಲಿ ಐದು ಅಂಕೆ ಇರ್ತವ. ಉದಾಹರಣೆಗ 08435 ಅಂತ ಇಟ್ಕೊಳಿ. ಮೊದಲ ಎರಡು ಅಂಕೆ ಬೋಗಿ ಹುಟ್ಟಿದ ವರ್ಷ. 08 ಅಂದ್ರ 2008. ಉಳಿದ ಮೂರು ಅಂಕೆ ಅದರ ಜಾತಿ ಮತ್ತು ಕ್ರಮಸಂಖ್ಯೆ ಎರಡನ್ನೂ ಒಟ್ಟಿಗೆ ಹೇಳ್ತವ. 200ರ ಒಳಗಿದ್ರ ಎ.ಸಿ. ಬೋಗಿ. 201ರಿಂದ 400 ಮಲಗೋ ಸ್ಲೀಪರ್. 401ರಿಂದ 600 ನಮ್ಮದು, ಜನರಲ್ ಬೋಗಿ. 601ರಿಂದ ಮುಂದ ಕೂರೋ ಚೇರ್ ಬೋಗಿ, 700 ದಾಟಿದ್ರ ಗಾರ್ಡು ಮತ್ತು ಲಗೇಜು ಇರೋ ಬೋಗಿ, 800ರ ಮೇಲೆ ಅಡುಗೆ ಬೋಗಿ, ಜನರೇಟರ್ ಬೋಗಿ ಮುಂತಾದವು. ಹಂಗಾದ್ರ 08435 ಅಂದ್ರ 2008ರಲ್ಲಿ ಹುಟ್ಟಿದ ಜನರಲ್ ಬೋಗಿ. ಈಚಿನ ಹೊಸ ಬೋಗಿಗಳ ಮೇಲೆ ಆರು ಅಂಕೆ ಕಾಣ್ತವ, ಆದ್ರ ಅಲ್ಲೂ ಮೊದಲಿನೆರಡು ಹುಟ್ಟಿದ ವರ್ಷವೇ.

ಇದನ್ನೂ ಟಿಕೆಟ್ಟಿನಲ್ಲಿ ಬರೋ ಎಸ್-4, ಡಿ-1 ಅನ್ನೋದನ್ನೂ ಒಂದು ಮಾಡ್ಕಬಾರ್ದು. ಎಸ್-4 ಅನ್ನೋದು ಆವತ್ತಿನ ಸಾಲಿನಲ್ಲಿ ಆ ಬೋಗಿಗೆ ಸಿಕ್ಕಿದ ಜಾಗ. ನಾಳೆ ಅದೇ ಬೋಗಿ ಎಸ್-2 ಆಗಬಹುದು, ಬೇರೆ ಗಾಡಿಗೇ ಹೋಗಿ ಸೇರ್ಕೋಬಹುದು. ಮದುವೆ ಮನೆ ಪಂಕ್ತೀಲಿ ನೀವು ಎಷ್ಟನೇ ಎಲೆಗೆ ಕೂತ್ರಿ ಅನ್ನೋದು ಬೇರೆ, ನಿಮ್ಮ ಹೆಸರು ಬೇರೆ, ಅಲ್ವಾ? ಆ ಐದಂಕಿ ಬೋಗಿಯ ಸ್ವಂತ ಹೆಸರು. ಚೀಲ ಮರೆತು ಇಳಿದ್ರೆ, ಫ್ಯಾನು ಕೆಟ್ಟಿದ್ರೆ, ನಲ್ಲೀಲಿ ನೀರಿಲ್ದೆ ಹೋದ್ರೆ 139ಕ್ಕ ಫೋನ್ ಮಾಡುವಾಗ ಜನರಲ್ ಬೋಗಿಯವರಿಗೆ ಹೇಳೋಕೆ ಸೀಟ್ ನಂಬರು ಇರಲ್ಲ, ಪಿ.ಎನ್.ಆರ್. ಇರಲ್ಲ. ಗಾಡಿ ನಂಬರಿನ ಜೊತೆ ಬೋಗಿಯ ಈ ನಂಬರು ಹೇಳಿದ್ರ ಯಾವ ಬೋಗಿ ಅನ್ನೋದು ಖಚಿತ ಆಯ್ತದ. ಹತ್ತೋ ಮುಂಚೆ ಒಂದು ಫೋಟೋ ತಗಂಡ್ರ ಸಾಕು.

ಈ ನಂಬರಿನ ಪಕ್ಕದಲ್ಲಿ ಇರೋ ಅಕ್ಷರಗಳಿಗೂ ಒಂದು ಕತೆ ಅದ. ಬೋಗಿ ಯಾವ ರೈಲ್ವೆಗೆ ಸೇರಿದ್ದು ಅಂತ ಅವು ಹೇಳ್ತವ. ನಮ್ಮ ಹಾದಿಯಲ್ಲಿ ಒಡೆಯರು ಬದಲಾದ ಹಾಗೆಲ್ಲ ಅಕ್ಷರಾನೂ ಬದಲಾದವು. ಬೆಂಗಳೂರಿನಿಂದ ಮೈಸೂರಿಗೆ ಮೀಟರ್ ಗೇಜ್ ಹಳಿ ಮುಗಿದದ್ದು 1882ರಲ್ಲಿ. 1876ರಿಂದ 78ರವರೆಗಿನ ದೊಡ್ಡ ಬರದಲ್ಲಿ ಹಸಿದ ಜನಕ್ಕೆ ಕೂಲಿ ಕೊಡೋ ಕೆಲಸವಾಗಿ ಅದರ ಮಣ್ಣು ಹೊರಿಸಿದ್ರು. 1891ರಲ್ಲಿ ಮೈಸೂರಿನಿಂದ ನಂಜನಗೂಡಿಗೆ ಹಳಿ ಬಂತು. ಕಪಿಲೆಯ ಮೇಲೆ ಹೊಸ ಸೇತುವೆ ಕಟ್ಟೋ ಬದಲು, 1735ರಲ್ಲಿ ದಳವಾಯಿ ದೇವರಾಜಯ್ಯನವರ ಕಾಲದಲ್ಲಿ ಕಟ್ಟಿದ್ದ ಕಲ್ಲಿನ ಸೇತುವೆ ಮೇಲೇ ಹಳಿ ಹಾಸಿದ್ರು. ಒಂದು ಪಕ್ಕ ಗಾಡಿ ಎತ್ತು, ಒಂದು ಪಕ್ಕ ರೈಲು. ಬ್ರಾಡ್‌ಗೇಜ್ ಬರೋವರೆಗೂ ಆ ಮುದುಕ ಸೇತುವೆ ರೈಲು ಹೊತ್ತಿತು. ನಂಜನಗೂಡಿನಲ್ಲೇ ಮೂವತ್ತೈದು ವರ್ಷ ನಿಂತಿದ್ದ ಹಳಿ, 1926ರಲ್ಲಿ ಕವಲಂದೆ, ನಮ್ಮ ಬದನಗುಪ್ಪೆ ದಾಟಿ ಚಾಮರಾಜನಗರಕ್ಕೆ ಮುಟ್ಟಿತು. ಅಷ್ಟೊತ್ತಿಗೆ ಮೈಸೂರು ಸರ್ಕಾರ ತನ್ನ ರೈಲನ್ನ ಕಂಪನಿಯ ಕೈಯಿಂದ ಬಿಡಿಸ್ಕೊಂಡು ತಾನೇ ನಡೆಸ್ತಾ ಇತ್ತು. ಹಂಗಾಗಿ ನಮ್ಮೂರಿಗೆ ಮೊದಲು ಬಂದ ಬೋಗಿಗಳು ಮೈಸೂರು ಸ್ಟೇಟ್ ರೈಲ್ವೆಯವು. 1951ರ ಏಪ್ರಿಲ್ 14ಕ್ಕೆ ಅದು ದಕ್ಷಿಣ ರೈಲ್ವೆಯೊಳಗೆ ಸೇರಿ ಹೋಯ್ತು. 2003ರ ಏಪ್ರಿಲ್ 1ಕ್ಕೆ ಹುಬ್ಬಳ್ಳಿಯಲ್ಲಿ ನೈರುತ್ಯ ರೈಲ್ವೆ ಹುಟ್ಟಿ, ಈಗ ನಾವು ಕಾಣೋ ಅಕ್ಷರ ಬಂತು. ಅಂದ್ರ ಹಳಿ ಪಕ್ಕದ ಒಂದೇ ಮನೆಯಲ್ಲಿ ಅಜ್ಜ, ಅಪ್ಪ, ಮಗ ಮೂರು ಹೆಸರಿನ ರೈಲ್ವೆಗೆ ದುಡಿದಿರಬಹುದು, ಜಗಲಿ ಬದಲಾಯಿಸದೇನೆ.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಗೇಜಿನದು. ಮೀಟರ್ ಗೇಜ್ ಅಂದ್ರ ಎರಡು ಹಳಿಗಳ ನಡುವೆ ಸರಿಯಾಗಿ ಒಂದು ಮೀಟರ್. ಬ್ರಾಡ್‌ಗೇಜ್ ಅಂದ್ರ 1676 ಮಿಲಿಮೀಟರ್, ಅಂದ್ರ ಐದೂವರೆ ಅಡಿ. ಹಳಿ ಅಗಲ ಆದ ದಿನ ಹಳೇ ಬೋಗಿ, ಹಳೇ ಇಂಜಿನ್ ಒಂದೂ ಇಲ್ಲಿ ಓಡೋ ಹಾಗಿರಲಿಲ್ಲ. ಇಂಜಿನ್ನಿನ ಹೆಸರಿನಲ್ಲೂ ಇದು ಕಾಣ್ತದ. ಮೊದಲಕ್ಷರ ವೈ ಇದ್ರ ಮೀಟರ್ ಗೇಜಿಂದು, ಡಬ್ಲ್ಯು ಇದ್ರ ಬ್ರಾಡ್‌ಗೇಜಿಂದು. ವೈ.ಪಿ. ಅಂದ್ರ ಮೀಟರ್ ಗೇಜಿನ ಪ್ಯಾಸೆಂಜರ್ ಉಗಿ ಇಂಜಿನ್, ಕಣ್ಣಿಗೆ ಕಿಡಿ ಹಾರ್ಸೋದು. ಕಿಟಕಿ ಪಕ್ಕ ಕೂತು ಬಿಳಿ ಸೀರೆ ಉಟ್ಕಂಡು ಹೋದೋರ ಪಾಡು ನಮ್ಮ ಅತ್ತೆಯೋರಿಗೆ ಗೊತ್ತಿರ್ತದ, ಕೇಳಿ ನೋಡಿ. ಆ ಕಾಲದ್ದು ನೋಡ್ಬೇಕು ಅಂದ್ರ ಮೈಸೂರು ಸ್ಟೇಷನ್ ಪಕ್ಕದ ರೈಲು ಮ್ಯೂಸಿಯಮ್ಮಿಗೆ ಹೋಗ್ಬೇಕು. 1979ರಲ್ಲಿ ಮಾಡಿದ್ದು. ಮಹಾರಾಣಿಯವರ 1899ರ ಸಲೂನ್ ಬೋಗಿ ಅಲ್ಲದ, ಅಡುಗೆಮನೆ ಸಮೇತ. ರಾಜಮನೆತನದ ಹೆಂಗಸರ ಬೋಗಿಗೆ ಅಷ್ಟು ಜೋಪಾನ. ನಮ್ಮ ಜನರಲ್ ಬೋಗಿ ಎಷ್ಟೋ ಸಾವಿರ ಗುಜರಿಗೆ ಹೋದ್ವು, ಅವುಗಳ ನಂಬರ್ನ ಯಾರು ಬರೆದಿಟ್ಟಿದ್ದಾರೆ.

ಗುಜರಿ ಅಂದ್ರಲ್ಲ, ಬೋಗಿಗೂ ಆಯಸ್ಸು ಇಟ್ಟಿದ್ದಾರೆ ಕಣ್ರವ್ವ. ಹಳೇ ನೀಲಿ ಬೋಗಿಗಳು ಮದರಾಸಿನ ಪೆರಂಬೂರು ಕಾರ್ಖಾನೆಯ ಮಾದರಿಯವು. 1955ರ ಅಕ್ಟೋಬರ್ 2ರಂದು ಆ ಕಾರ್ಖಾನೆ ಶುರುವಾಯ್ತು. ಆ ಮಾದರಿ ಬೋಗಿಗೆ 25 ವರ್ಷ ಆಯಸ್ಸು ಅಂತ ಲೆಕ್ಕ. ಅಲ್ಲೇ ಆ ಮಾದರಿ ಮಾಡೋದನ್ನ 2018ರ ಜನವರಿಗೆ ನಿಲ್ಲಿಸಿದ್ರು, ಈಗ ಎಲ್ಲ ಜರ್ಮನಿ ಮಾದರಿಯ ಎಲ್.ಎಚ್.ಬಿ. ಬೋಗಿಗಳು. ಹಂಗಾಗಿ ನಮ್ಮ 08435 ಅನ್ನೋ ಬೋಗಿ ಇದ್ದದ್ದೇ ಆದ್ರ ಅದಕ್ಕೆ 2033ಕ್ಕ ಆಯಸ್ಸು ಮುಗೀತದ. ಮಧ್ಯದಲ್ಲಿ ಆಗಾಗ ಅದು ವರ್ಕ್‌ಶಾಪಿಗೆ ಹೋಗಿ ಬರ್ಬೇಕು, ನಾವು ತವರಿಗೆ ಹೋಗಿ ಸುಧಾರಿಸ್ಕೊಂಡು ಬರೋ ಹಾಗೆ. ಯಾವ ವರ್ಕ್‌ಶಾಪಿನಲ್ಲಿ ಯಾವತ್ತು ಮಾಡಿದ್ರು, ಮತ್ತೆ ಯಾವತ್ತು ಬರಬೇಕು ಅನ್ನೋದನ್ನ ಬೋಗಿಯ ತುದಿಯಲ್ಲಿ ಸಣ್ಣಕ್ಷರದಲ್ಲಿ ಅಚ್ಚು ಹೊಡೆದಿರ್ತಾರೆ. ಮೈಸೂರಿನ ಅಶೋಕಪುರಂ ದಾಟುವಾಗ ಕಾಣೋ ದೊಡ್ಡ ಶೆಡ್ಡುಗಳು ಅಂಥ ವರ್ಕ್‌ಶಾಪೇ. ಹುಟ್ಟಿದ ವರ್ಷ, ಜಾತಿ, ತವರು, ಕೊನೆಯ ಸಲ ಆಸ್ಪತ್ರೆಗೆ ಹೋದ ತಾರೀಕು, ಎಲ್ಲಾನೂ ಮೈಮೇಲೇ ಬರ್ಕೊಂಡು ಓಡಾಡ್ತದ ಒಂದು ಬೋಗಿ.

ಗೂಡ್ಸ್ ಗಾಡಿಯ ವ್ಯಾಗನ್ನಿನದು ಇನ್ನೂ ಒಂದು ಕೈ ಮೇಲು. ಅದಕ್ಕೆ ಹನ್ನೊಂದು ಅಂಕೆ. ಮೊದಲೆರಡು ವ್ಯಾಗನ್ನಿನ ಜಾತಿ, ಆಮೇಲೆರಡು ಯಾವ ರೈಲ್ವೆದು, ಆಮೇಲೆರಡು ಹುಟ್ಟಿದ ವರ್ಷ, ಆಮೇಲೆ ನಾಲ್ಕು ಕ್ರಮಸಂಖ್ಯೆ. ಹನ್ನೊಂದನೇದು ಕಾವಲು ಅಂಕೆ. ಬರೆಯೋರು ಎಲ್ಲಾದ್ರೂ ಒಂದಂಕಿ ತಪ್ಪು ಬರೆದ್ರ ಹಿಡಿಯಕ್ಕಂತ ಇಟ್ಟಿರೋದು. ಲೆಕ್ಕ ಹೀಗೆ. ಮೊದಲ ಹತ್ತಂಕಿ 2215091234 ಅಂತ ಸುಮ್ಮನೆ ಇಟ್ಕೊಳಿ. ಎರಡು, ನಾಲ್ಕು, ಆರು, ಎಂಟು, ಹತ್ತನೇ ಜಾಗದವನ್ನ ಕೂಡಿಸಿ: 2, 5, 9, 2, 4, ಒಟ್ಟು 22. ಅದನ್ನ ಮೂರರಿಂದ ಗುಣಿಸಿ, 66. ಉಳಿದ ಜಾಗದವು 2, 1, 0, 1, 3, ಒಟ್ಟು 7. ಎರಡೂ ಸೇರಿ 73. ಮುಂದಿನ ಹತ್ತರ ಮಗ್ಗಿ 80ಕ್ಕೆ 7 ಕಮ್ಮಿ. ಆ 7 ಹನ್ನೊಂದನೇ ಅಂಕೆ. ಯಾರಾದ್ರೂ ಒಂದು ಅಂಕೆ ತಪ್ಪು ಬರೆದ್ರ ಈ 7 ಹೊಂದಲ್ಲ, ಕಂಪ್ಯೂಟರು ಥಟ್ಟನೆ ಬೇಡ ಅಂತದ. ನಮ್ಮ ಆಧಾರ್ ನಂಬರಿನ ಹನ್ನೆರಡನೇ ಅಂಕೇನೂ ಇಂಥದೇ ಕಾವಲು, ಲೆಕ್ಕದ ದಾರಿ ಬೇರೆ ಅಷ್ಟೆ. ಕಲ್ಲಿದ್ದಲು ಹೊರೋ ಡಬ್ಬಕ್ಕೂ ಇಷ್ಟು ಎಚ್ಚರಿಕೆ.

ಈಗ ಆ ಹಳಿ ಕಾಯ್ದ ಮನುಷ್ಯರ ನಂಬರಿಗೆ ಬರ್ತಿನಿ. ಇಷ್ಟೆಲ್ಲ ಬರೆದದ್ದೇ ಇದಕ್ಕೋಸ್ಕರ.

ಹಳಿ ಪಕ್ಕದ ಊರುಗಳಲ್ಲಿ ರೈಲ್ವೆ ಕೆಲಸ ಅಂದ್ರ ಹೆಚ್ಚು ಮಾಡಿ ಗ್ಯಾಂಗಿನ ಕೆಲಸ. ಇಂತಿಷ್ಟು ದೂರದ ಹಳಿಗೆ ಒಂದು ಗ್ಯಾಂಗು, ಗ್ಯಾಂಗಿಗೆ ಒಂದು ನಂಬರು, ಒಬ್ಬ ಮೇಸ್ತ್ರಿ, ಒಬ್ಬ ಕೀಮ್ಯಾನು. ಮಳೆಗಾಲದಲ್ಲಿ ರಾತ್ರಿ ಪಹರೆ. ಪಹರೆಯವನ ಕೈಯಲ್ಲಿ ಕೆಂಪು-ಹಸಿರು ಲಾಟೀನು, ಹಳಿ ಮೇಲಿಟ್ರ ಢಮಾರ್ ಅನ್ನೋ ಪಟಾಕಿ ಡಬ್ಬಿ, ಸೀಟಿ, ನಂಬರು ಬರೆದ ಒಂದು ಚೌಕದ ತಗಡು, ಒಂದು ಪುಸ್ತಕ. ಒಂದು ದಿಕ್ಕಿಂದ ಒಬ್ಬ, ಇನ್ನೊಂದು ದಿಕ್ಕಿಂದ ಇನ್ನೊಬ್ಬ ನಡೆದು ಬಂದು ಸರಹದ್ದಿನಲ್ಲಿ ಪುಸ್ತಕ ಬದಲು ಮಾಡ್ಕೊಳ್ತಾರೆ, ಸ್ಟೇಷನ್ನಿನಲ್ಲಿ ಮಾಸ್ಟರು ಸಹಿ ಹಾಕ್ತಾರೆ. ಪುಸ್ತಕ ಬದಲಾಗಿದ್ರ ಇಬ್ಬರೂ ತಮ್ಮ ಪಾಲು ನಡೆದಿದ್ದಾರೆ ಅಂತ ಅರ್ಥ. ನಾವು ಬೋಗಿಯೊಳಗೆ ತೂಕಡಿಸ್ಕೊಂಡು ಬರೋ ರಾತ್ರಿ, ಯಾವನೋ ಒಬ್ಬ ಆ ಕತ್ತಲೆಯಲ್ಲಿ ನಮ್ಮ ಮುಂದೆ ನಡೆದು ಹೋಗಿರ್ತಾನೆ.

ಈ ಜನಕ್ಕೆ ಮೊದಲೇ ಖಾಯಂ ನಂಬರು ಸಿಕ್ಕಲಿಲ್ಲ. ದಿನಗೂಲಿಯಾಗಿ ಸೇರೋರು, ಎಷ್ಟು ದಿನ ಕೆಲಸ ಮಾಡಿದ್ರು ಅನ್ನೋದು ಒಂದು ಕಾರ್ಡಿನಲ್ಲಿ. ಮಧ್ಯೆ ಮಧ್ಯೆ ಕೆಲಸ ಇಲ್ಲ ಅಂತ ಕಳಿಸಿದ್ರ ಮತ್ತೆ ಮೊದಲಿಂದ. ದಿನದ ಎಣಿಕೆಯೇ ಅವರ ಭವಿಷ್ಯ. 1985ರಲ್ಲಿ ಸುಪ್ರೀಂ ಕೋರ್ಟು ಇಂದರ್‌ಪಾಲ್ ಯಾದವ್ ಮೊಕದ್ದಮೆಯಲ್ಲಿ, ರೈಲ್ವೆಯ ಪ್ರಾಜೆಕ್ಟು ಕೆಲಸದಲ್ಲಿ 360 ದಿನ ದುಡಿದ ದಿನಗೂಲಿಗಳನ್ನ ಸೀನಿಯಾರಿಟಿ ಪ್ರಕಾರ ಹಂತ ಹಂತವಾಗಿ ಒಳಗೆ ತಗೊಳ್ಳೋ ಯೋಜನೆಗೆ ಮುದ್ರೆ ಒತ್ತಿತು. ಯಾರ ಕಾರ್ಡು ಜೋಪಾನವಾಗಿತ್ತೋ ಅವರು ಬದುಕಿದ್ರು. ಇಲಿ ಕಡಿದ ಕಾರ್ಡಿನೋರು, ಸೋರೋ ಮನೆಯೋರು ಏನಾದ್ರೋ. ಒಳಗೆ ಬಂದ ಮೇಲೂ, ಟೆಂಪೊರರಿ ಸ್ಟೇಟಸ್ಸಿನ ವರ್ಷಗಳಲ್ಲಿ ಅರ್ಧ ಮಾತ್ರ ಪಿಂಚಣಿಗೆ ಲೆಕ್ಕ. ಎಂಟು ವರ್ಷ ದುಡಿದ್ರೆ ನಾಲ್ಕು. ಬೋಗಿ ಹುಟ್ಟಿದ ದಿನದಿಂದಲೇ ಅದರ ವಯಸ್ಸು ಎಣಿಸ್ತಾರೆ, ಮನುಷ್ಯನ ವಿಚಾರದಲ್ಲಿ ಅರ್ಧ ಯಾಕೆ ಅಂತ ನಂಗೆ ಇವತ್ತಿಗೂ ಹೊಂದಲ್ಲ.

ಸೀನಿಯಾರಿಟಿ ಅನ್ನೋ ಸಾಲನ್ನ ಹೆದರಿಕೆಗೂ ಬಳಸಿದ್ದುಂಟು. 1974ರ ಮೇ 8ಕ್ಕೆ ಶುರುವಾದ ದೇಶದ ದೊಡ್ಡ ರೈಲ್ವೆ ಮುಷ್ಕರ ಕೇಳಿರ್ತಿರಿ. ಮುಂದಾಳು ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಇಪ್ಪತ್ತು ದಿನದಲ್ಲಿ ಮುಗೀತು. ಭಾಗವಹಿಸಿದೋರಲ್ಲಿ ಬಹಳ ಜನ ಕೆಲಸ ಕಳ್ಕೊಂಡ್ರು, ಕ್ವಾಟ್ರಸ್ಸಿನಿಂದ ಹೆಂಡತಿ ಮಕ್ಕಳ ಸಮೇತ ಹೊರಗೆ ಹಾಕಿಸ್ಕೊಂಡ್ರು. ಉಳಿದ ಎಷ್ಟೋ ಜನಕ್ಕೆ ಸರ್ವೀಸಿನಲ್ಲಿ ಬ್ರೇಕು ಅಂತ ಬರೆದ್ರು. ಅದು ಒಂದು ಸಣ್ಣ ಗೆರೆ. ಆದ್ರ ಆ ಗೆರೆ ಬಿದ್ರೆ ಹಿಂದಿನ ಸರ್ವೀಸು ಲೆಕ್ಕಕ್ಕಿಲ್ಲ. 1977ರಲ್ಲಿ ಸರ್ಕಾರ ಬದಲಾಗಿ ಮಧು ದಂಡವತೆ ರೈಲ್ವೆ ಮಂತ್ರಿ ಆದ ಮೇಲೆ ಕೆಲಸ ಕಳ್ಕೊಂಡೋರನ್ನ ವಾಪಸ್ ತಗಂಡ್ರು. ನಡುವಿನ ಮೂರು ವರ್ಷ ಆ ಮನೆಗಳಲ್ಲಿ ಒಲೆ ಹೆಂಗೆ ಉರೀತು ಅನ್ನೋದು ಯಾವ ಸರ್ವೀಸ್ ಪುಸ್ತಕದಲ್ಲೂ ಇಲ್ಲ.

ಖಾಯಂ ಆದ ಮೇಲೆ ಸಿಗೋದು ಪಿ.ಎಫ್. ನಂಬರು. ಸಂಬಳದ ಚೀಟಿ, ಪಾಸು, ಸಾಲ, ಆಸ್ಪತ್ರೆ ಎಲ್ಲದಕ್ಕೂ ಅದೇ. ಇಪ್ಪತ್ತೆರಡನೇ ವಯಸ್ಸಿಗೆ ಸೇರಿದೋನು ಅರವತ್ತಕ್ಕೆ ನಿವೃತ್ತಿ ಆಗೋವರೆಗೆ ಮೂವತ್ತೆಂಟು ವರ್ಷ. 1998ಕ್ಕೆ ಮುಂಚೆ ನಿವೃತ್ತಿ ಐವತ್ತೆಂಟಕ್ಕಿತ್ತು. ಯಾವ ಲೆಕ್ಕ ಹಾಕಿದ್ರೂ ಒಬ್ಬ ಗ್ಯಾಂಗ್‌ಮ್ಯಾನ್ ಒಂದು ಬೋಗಿಯ ಆಯಸ್ಸಿಗಿಂತ ಹೆಚ್ಚು ದುಡೀತಾನೆ. ಅವನ ಕಣ್ಮುಂದೆ ಹುಟ್ಟಿದ ಬೋಗಿ ಅವನ ಕಣ್ಮುಂದೇ ಗುಜರಿಗೆ ಹೋಯ್ತದ. ನಿವೃತ್ತಿಯಾದಾಗ ಇನ್ನೊಂದು ನಂಬರು ಕೊಡ್ತಾರೆ, ಪಿ.ಪಿ.ಓ., ಪಿಂಚಣಿ ಆದೇಶದ ನಂಬರು. ಆತ ತೀರ್ಕೊಂಡ ಮೇಲೆ ಆ ನಂಬರು ಹೆಂಡತಿಯ ಅನ್ನ ಆಯ್ತದ. ಅಲ್ಲೀತನಕ ಬಹಳ ಮನೆಗಳಲ್ಲಿ ಆಯಮ್ಮ ಆ ಕಾಗದ ಮುಟ್ಟಿಯೂ ಇರಲ್ಲ.

ನಮ್ಮ ಹಿಂದಲ ಬೀದಿಯ ದೊಡ್ಡವ್ವನ ವಿಚಾರ ನಿಮ್ಮಲ್ಲಿ ಕೆಲವರಿಗೆ ಗೊತ್ತು. ಹೆಸರು ಬೇಡ. ದೊಡ್ಡಪ್ಪ ಗ್ಯಾಂಗಿನಲ್ಲಿ ಇದ್ದೋರು. ಅವರು ಹೋದ ಮೇಲೆ ದೊಡ್ಡವ್ವ ಫ್ಯಾಮಿಲಿ ಪಿಂಚಣಿಗೆ ಅರ್ಜಿ ಕೊಟ್ರು. ತುಂಬಿಸಿಕೊಟ್ಟ ಹುಡುಗ ಪಿ.ಪಿ.ಓ. ನಂಬರಿನಲ್ಲಿ ಎರಡು ಅಂಕೆ ಹಿಂದು ಮುಂದು ಮಾಡಿದ್ದ. ಒಂದು ಕಛೇರಿಯವರು ಇನ್ನೊಂದು ಕಛೇರಿಗೆ ಹೋಗಿ ಅಂದ್ರು, ಅಲ್ಲಿಯವರು ಇಂಥ ನಂಬರು ನಮ್ಮಲ್ಲಿಲ್ಲ ಅಂದ್ರು. ವ್ಯಾಗನ್ನಿಗಾಗಿದ್ರ ಹನ್ನೊಂದನೇ ಅಂಕೆ ಕೂಗ್ತಿತ್ತು. ಇಲ್ಲಿ ಯಾವ ಅಂಕೇನೂ ಕೂಗಲಿಲ್ಲ. ನಾಕು ತಿಂಗಳು ಆ ಮನೆ ಮಗಳು ಕಳಿಸಿದ ದುಡ್ಡಿನಲ್ಲಿ ನಡೀತು. ಕೊನೆಗೆ ಟ್ರಂಕಿನ ತಳದಲ್ಲಿ, ಮದುವೆ ಸೀರೆಯ ಮಡಿಕೆಯೊಳಗೆ, ದೊಡ್ಡಪ್ಪ ಮಡಗಿದ್ದ ಮೂಲ ಆದೇಶ ಸಿಕ್ತು. ಗಂಡ ಹೆಂಡತಿ ಇಬ್ಬರ ಜೋಡಿ ಫೋಟೋ ಅಂಟಿಸಿದ್ದ ಕಾಗದ. ದೊಡ್ಡವ್ವ ಅದನ್ನ ಬರೀ ಫೋಟೋ ಅಂತ ತಿಳ್ಕೊಂಡು ಇಪ್ಪತ್ತು ವರ್ಷ ಜೋಪಾನ ಮಾಡಿದ್ರು. ಅದರ ಮೇಲ್ತುದಿಯಲ್ಲಿ ನಂಬರು ಇತ್ತು.

ರೈಲ್ವೆಯಲ್ಲಿ ನಂಬರು ಕಣ್ಣಿಗೆ ಕಾಣೋ ಹಾಗೆ ಕಟ್ಕೊಂಡು ಓಡಾಡೋರು ಅಂದ್ರ ಸ್ಟೇಷನ್ನಿನ ಕೂಲಿಗಳು. ಕೆಂಪಂಗಿ, ತೋಳಿಗೆ ಹಿತ್ತಾಳೆ ಬಿಲ್ಲೆ. ದೀವಾರ್ ಸಿನಿಮಾದಲ್ಲಿ ಅಮಿತಾಭ್ ಬಚ್ಚನ್ ಜೇಬಿನಲ್ಲಿ ಇಟ್ಕೊಳೋ 786 ಬಿಲ್ಲೆ ನೆನಪಿರ್ಬೇಕು, ಅದು ಬಂದರಿನ ಕೂಲಿಯದು. ರೈಲ್ವೆ ಕೂಲಿಯ ಬಿಲ್ಲೆಗೆ ಒಂದು ವಿಶೇಷ ಅದ: ಮುದುಕ ಆದೋನು, ಕೈಲಾಗದೋನು ಅದನ್ನ ಮಗನ ಹೆಸರಿಗೋ ಹತ್ತಿರದ ಸಂಬಂಧಿಕನ ಹೆಸರಿಗೋ ಮಾಡಿಸ್ಬೋದು. ಸಂಬಳ ಇಲ್ಲ, ಪಿಂಚಣಿ ಇಲ್ಲ, ಬಿಡೋಕೆ ಆಸ್ತಿ ಅಂತ ಇರೋದು ಆ ಬಿಲ್ಲೆ ಒಂದೇ.

ಬಸ್ಸಿನೋರದ್ದು ಇನ್ನೊಂದು ಬಗೆ. ನಮ್ಮ ಸರ್ಕಾರಿ ಬಸ್ಸು ಶುರುವಾದದ್ದು 1948ರ ಸೆಪ್ಟೆಂಬರ್ 12ಕ್ಕೆ, ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆಯಾಗಿ, 120 ಬಸ್ಸಿನಿಂದ. 1961ರಲ್ಲಿ ಅದು ನಿಗಮ ಆಯ್ತು. ಸರ್ಕಾರಿ ಬಸ್ಸಿನ ನಂಬರಿನಲ್ಲಿ ಎಫ್ ಅಕ್ಷರ ನೋಡಿರ್ತಿರಿ, ಕೆ.ಎ. 10 ಎಫ್ ಅಂತ. ಕೆ.ಎ. ಕರ್ನಾಟಕ, 10 ನಮ್ಮ ಚಾಮರಾಜನಗರದ ಆರ್.ಟಿ.ಓ., ಎಫ್ ಸಾರಿಗೆ ನಿಗಮದ್ದು. 09 ಎಫ್ ಇದ್ರ ಮೈಸೂರಿನಲ್ಲಿ ನೋಂದಣಿ ಆದದ್ದು. ಬೋಗಿಯ ನಂಬರಿನ ಹಾಗೆ ಇದರಲ್ಲಿ ಹುಟ್ಟಿದ ವರ್ಷ ಕಾಣಲ್ಲ, ಊರು ಮಾತ್ರ ಕಾಣ್ತದ. ಕಂಡಕ್ಟರಿಗೆ ಆರ್.ಟಿ.ಓ. ಕೊಡೋ ಬ್ಯಾಡ್ಜು ಒಂದು, ನಿಗಮದ ಟೋಕನ್ ನಂಬರು ಇನ್ನೊಂದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮ್ಗ ಕೊಡೋ ಸೊನ್ನೆ ರೂಪಾಯಿ ಟಿಕೆಟ್ಟನ್ನ ಹರಿದು ಎಸೀಬ್ಯಾಡಿ, ಬಸ್ಸು ಯಾವುದು ಕಂಡಕ್ಟರು ಯಾರು ಅಂತ ಗುರುತು ಅದರಲ್ಲೇ ಇರ್ತದ. ಬಸ್ಸಿನಲ್ಲಿ ಬಿಟ್ಟು ಬಂದ ಚೀಲಕ್ಕೂ ಕಂಡಕ್ಟರಿಗೆ ಒಂದು ಒಳ್ಳೇ ಮಾತು ಬರೆದು ಹಾಕೋದಕ್ಕೂ ಅದೇ ಆಧಾರ. ಬೆಂಗಳೂರಿನ ಬಿ.ಟಿ.ಎಸ್. ಬಸ್ಸಿನಲ್ಲಿ ಹಂಗೆ ಬ್ಯಾಡ್ಜು ಹಾಕ್ಕೊಂಡು ಟಿಕೆಟ್ ಹರೀತಿದ್ದ ಶಿವಾಜಿರಾವ್ ಗಾಯಕ್ವಾಡ್ ಆಮೇಲೆ ರಜನೀಕಾಂತ್ ಆದ್ರು. ಎಲ್ಲರೂ ಆಗಲ್ಲ ಬಿಡಿ. ಡ್ರೈವರುಗಳಿಗೆ ಅಪಘಾತ ಇಲ್ಲದೆ ಐದು ವರ್ಷ ಓಡಿಸಿದ್ರ ಬೆಳ್ಳಿ ಪದಕ, ಹದಿನೈದು ವರ್ಷಕ್ಕೆ ಚಿನ್ನದ ಪದಕ ಕೊಡ್ತಾರೆ. ನನ್ನ ಕೇಳಿದ್ರ ಇದು ಸೀನಿಯಾರಿಟಿಗಿಂತ ಒಳ್ಳೇ ಲೆಕ್ಕ. ಎಷ್ಟು ವರ್ಷ ಕೂತಿದ್ದ ಅಂತಲ್ಲ, ಎಷ್ಟು ವರ್ಷ ಎಲ್ಲರನ್ನೂ ಮನೆ ಮುಟ್ಟಿಸಿದ ಅಂತ.

ಒಂದು ಅಂಕೆ ಏನು ಮಾಡ್ಬೋದು ಅನ್ನೋದಕ್ಕೆ ನಮ್ಮ ಗಾಡಿಯೇ ಸಾಕ್ಷಿ. 2010ರ ಡಿಸೆಂಬರ್ 20ರಿಂದ ದೇಶದ ಎಲ್ಲ ಪ್ರಯಾಣಿಕರ ಗಾಡಿಗಳಿಗೂ ಐದಂಕಿ ನಂಬರು. ಮೊದಲಂಕಿ 1 ಅಥವಾ 2 ಇದ್ರ ದೂರದ ಎಕ್ಸ್‌ಪ್ರೆಸ್ಸು, ತಿರುಪತಿಗೆ ಹೋಗೋ ನಮ್ಮ ಗಾಡಿ 16219 ಅಂತ ಇರೋದು ಅದಕ್ಕೆ. 5 ಇದ್ರ ಪ್ಯಾಸೆಂಜರ್. 0 ಇದ್ರ ಸ್ಪೆಷಲ್. ಕೊರೊನಾ ಬಂದು ನಿಂತ ಗಾಡಿಗಳು ಮತ್ತೆ ಶುರುವಾದಾಗ ಪ್ಯಾಸೆಂಜರುಗಳಿಗೆಲ್ಲ ಮುಂದೆ 0 ಹಾಕಿ ಸ್ಪೆಷಲ್ ಅಂದ್ರು. ಅದೇ ಬೋಗಿ, ಅದೇ ಬೆಂಚು, ಅದೇ ನಿಲ್ದಾಣ. ಕಮ್ಮಿ ಅಂದ್ರ 10 ರೂಪಾಯಿ ಇದ್ದ ಟಿಕೆಟ್ಟು ಎಕ್ಸ್‌ಪ್ರೆಸ್ ದರದಲ್ಲಿ 30 ಆಯ್ತು. ಸೊಪ್ಪು ಮಾರೋಳಿಗೆ ಹೋಗಿ ಬರೋದಕ್ಕೆ ದಿನಕ್ಕೆ ನಲವತ್ತು ರೂಪಾಯಿ ಹೆಚ್ಚು ಅಂದ್ರ ಎಷ್ಟು ಕಟ್ಟು ಸೊಪ್ಪು ಅಂತ ನೀವೇ ಲೆಕ್ಕ ಹಾಕಿ. 2024ರ ಫೆಬ್ರವರಿ ಕೊನೆಗೆ ದರ ಇಳೀತು. ನಂಬರು ಮಾತ್ರ 06 ಅಂತಲೇ ಇತ್ತು, 2025ರ ಜನವರಿ 1ಕ್ಕೆ ಸೊನ್ನೆ ಹೋಗಿ 5 ವಾಪಸ್ ಬಂತು.

ಈಗ ಮನೆಗೆ ಬನ್ನಿ. ನಿಮ್ಮ ಮನೇಲಿ ರೈಲ್ವೆಯಿಂದ ಪಿಂಚಣಿ ತಗಳೋರು ಇದ್ರ ಪಿ.ಪಿ.ಓ. ಕಾಗದ ಎಲ್ಲದ ಅಂತ ಇವತ್ತೇ ಕೇಳಿ. ಕೇಳಿದ್ರ ಸಾವಿನ ಮಾತು ಆಡ್ದಂಗೆ ಅಂತ ಹೆದರ್ಕೊಬ್ಯಾಡಿ, ಗ್ಯಾಸ್ ಪುಸ್ತಕ ಎಲ್ಲದ ಅಂತ ಕೇಳಲ್ವಾ? ಆ ಕಾಗದದಲ್ಲಿ ನಿಮ್ಮ ಹೆಸರು ಆಧಾರಿನಲ್ಲಿರೋ ಹಾಗೇ ಇದೆಯಾ ನೋಡಿ. ಮಂಗಳಮ್ಮ, ಮಂಗಳ, ಮಂಗಳಗೌರಮ್ಮ ಮೂರೂ ಒಬ್ಬಳೇ ಅಂತ ನಮ್ಗ ಗೊತ್ತು, ಬ್ಯಾಂಕಿನ ಕಂಪ್ಯೂಟರಿಗೆ ಗೊತ್ತಿಲ್ಲ. ನಿವೃತ್ತಿ ಆದ ಮೇಲೆ ತೀರಿಕೊಂಡ್ರ ಏಳು ವರ್ಷ, ಅಥವಾ ಅವರಿಗೆ 67 ತುಂಬೋ ಹೊತ್ತಿನವರೆಗೆ, ಯಾವುದು ಮೊದಲೋ ಅಲ್ಲೀತನಕ ಕೊನೆಯ ಸಂಬಳದ ಅರ್ಧದಷ್ಟು ಫ್ಯಾಮಿಲಿ ಪಿಂಚಣಿ ಬರ್ತದ, ಅವರು ತಗೊಳ್ತಿದ್ದ ಪಿಂಚಣಿಗಿಂತ ಹೆಚ್ಚಿರಲ್ಲ. ಆಮೇಲೆ ನೂರಕ್ಕೆ 30ರ ಲೆಕ್ಕ, ಎಷ್ಟೇ ಕಮ್ಮಿ ಅಂದ್ರೂ 9,000 ರೂಪಾಯಿ ಮತ್ತು ತುಟ್ಟಿಭತ್ಯೆ. 2004ರ ಜನವರಿಯಿಂದ ಈಚೆಗೆ ಸೇರಿದೋರದ್ದು ಎನ್.ಪಿ.ಎಸ್., ದಾರಿ ಬೇರೆ. ಬಸ್ಸಿನ ನಿಗಮದೋರದ್ದು ಪ್ರಾವಿಡೆಂಟ್ ಫಂಡಿನ ಪಿಂಚಣಿ, ಅಲ್ಲಿ ಹಿಡ್ಕೊಬೇಕಾದ ನಂಬರು ಹನ್ನೆರಡು ಅಂಕೆಯ ಯು.ಎ.ಎನ್.. ಹೆಂಡತಿಗೆ ಬರೋದು ಗಂಡನ ಪಿಂಚಣಿಯ ಅರ್ಧ, ಕಮ್ಮಿ ಅಂದ್ರ ಸಾವಿರ ರೂಪಾಯಿ. ಸಾವಿರ! ಮೂವತ್ತು ವರ್ಷ ಘಾಟಿ ರಸ್ತೆಯಲ್ಲಿ ಸ್ಟೇರಿಂಗು ತಿರುಗಿಸಿದೋನ ಹೆಂಡತಿಗೆ.

ಇನ್ನೊಂದು ಇದೆ, ಇದನ್ನ ಬಹಳ ಮನೆಗಳಲ್ಲಿ ಯಾರೂ ನೋಡಲ್ಲ. ರೈಲ್ವೆಯ ಫ್ಯಾಮಿಲಿ ಪಿಂಚಣಿ ತಗಳೋ ಹೆಂಗಸಿಗೆ 80 ತುಂಬಿದ್ರ ನೂರಕ್ಕೆ 20 ಹೆಚ್ಚು, 85ಕ್ಕೆ 30, 90ಕ್ಕೆ 40, 95ಕ್ಕೆ 50, ನೂರು ತುಂಬಿದ್ರ ಎರಡರಷ್ಟು. ಆದ್ರ ಅದಕ್ಕೆ ಆಯಮ್ಮ ಹುಟ್ಟಿದ ತಾರೀಕು ಪಿ.ಪಿ.ಓ. ಕಾಗದದಲ್ಲಿ ಇರ್ಬೇಕು. ಹಳೇ ಆದೇಶಗಳಲ್ಲಿ ಗಂಡನ ಹುಟ್ಟಿದ ತಾರೀಕು ಇರ್ತದ, ಹೆಂಡತಿಯದು ಎಷ್ಟೋ ಕಡೆ ಇರಲ್ಲ. ದೊಡ್ಡವ್ವನ ಕಾಗದದಲ್ಲೂ ಆ ಜಾಗ ಖಾಲಿ. ಎಷ್ಟು ವಯಸ್ಸು ದೊಡ್ಡವ್ವ ಅಂದ್ರ, ನಮ್ಮೂರಿಗೆ ದೊಡ್ಡ ಮಳೆ ಬಂದು ಕೆರೆ ಒಡೆದ ವರ್ಷ ನಾನು ನಡೀತಿದ್ದೆ ಅಂತಾರೆ. ಆಧಾರಿನಲ್ಲಿ ಯಾರೋ ಜನವರಿ ಒಂದು ಅಂತ ಹಾಕಿದ್ದಾರೆ, ನಮ್ಮ ಊರಿನ ಅರ್ಧ ಹೆಂಗಸರ ಹಾಗೆ. ಇರಲಿ, ಅದಾದ್ರೂ ಒಂದು ತಾರೀಕು. ಆ ಖಾಲಿ ಜಾಗ ತುಂಬಿಸೋಕೆ ಆಧಾರ್ ಇಲ್ಲ ವೋಟರ್ ಕಾರ್ಡಿನ ನಕಲು, ಪಿ.ಪಿ.ಓ. ನಕಲು, ಬ್ಯಾಂಕ್ ಪಾಸ್‌ಪುಸ್ತಕದ ನಕಲು ಇಟ್ಟು ಒಂದು ಅರ್ಜಿ ಕೊಡ್ಬೇಕು. ನವೆಂಬರಿನಲ್ಲಿ ಬದುಕಿರೋ ದಾಖಲೆ ಕೊಡೋಕೆ ಹೆಂಗೂ ಬ್ಯಾಂಕಿಗೆ ಹೋಗ್ಲೇಬೇಕಲ್ಲ, ಆವತ್ತೇ ಇದನ್ನೂ ಕೇಳಿ. ದೊಡ್ಡವ್ವನ ಅರ್ಜಿ ನಾನು ಬರ್ಕೊಟ್ಟಿದಿನಿ, ನಂಬರನ್ನ ಇಬ್ಬರೂ ಸೇರಿ ಎರಡೆರಡು ಸಲ ಓದಿದ್ದೀವಿ. ಬೇಕಾದೋರು ಸಂಜೆ ಹೊತ್ತು ಕಾಗದ ತಗಂಡು ಬನ್ನಿ, ಕನ್ನಡಕ ಮರೀಬ್ಯಾಡಿ.